ರಿಪೋರ್ಟಿನಲ್ಲೊಂದು ನಕ್ಷತ್ರ: ಚರ್ಮದ ಕ್ಯಾನ್ಸರ್ ಮತ್ತು ಪ್ರೋಟೀನ್ ಪರೀಕ್ಷೆಗಳು

ಬೆನ್ನ ಮೇಲಿದ್ದ ಕಪ್ಪು ಮಚ್ಚೆ ತೆಗೆಸಿ ಎರಡು ವರ್ಷವಾಗಿದೆ ಎಂದುಕೊಳ್ಳಿ. ಗಾಯ ಮಾಯ್ದು ಒಂದು ಬಿಳಿ ಗೆರೆ ಉಳಿದಿದೆ, ಅಷ್ಟೇ. ಆರು ತಿಂಗಳಿಗೊಮ್ಮೆ ತಪಾಸಣೆ. ಈ ಸಲದ ರಕ್ತ ಪರೀಕ್ಷೆಯ ರಿಪೋರ್ಟ್ ಫೋನಿಗೆ ಬಂದಿದೆ. ಹಿಮೋಗ್ಲೋಬಿನ್ ಸರಿ ಇದೆ, ಸಕ್ಕರೆ ಸರಿ ಇದೆ. ಕೆಳಗೆ ‘ಎಸ್‌100ಬಿ’ ಅನ್ನುವ ಸಾಲಿನ ಪಕ್ಕದಲ್ಲಿ ಮಾತ್ರ ಒಂದು ನಕ್ಷತ್ರ ಚಿಹ್ನೆ. ಮಾಮೂಲಿ ಮಿತಿಗಿಂತ ತುಸು ಜಾಸ್ತಿ ಎಂದು ಅದರರ್ಥ. ವೈದ್ಯರನ್ನು ಕಾಣಲು ಇನ್ನೂ ನಾಲ್ಕು ದಿನ ಇದೆ. ಆ ನಾಲ್ಕು ರಾತ್ರಿ ನಿದ್ದೆ ಹೇಗೆ ಬರಬೇಕು, ಅಲ್ವಾ?

ಎಸ್‌100ಬಿ ಒಂದು ಪ್ರೋಟೀನ್. ಚರ್ಮದ ಕ್ಯಾನ್ಸರ್ ಬಂದವರಲ್ಲಿ ಮುಂದೇನಾಗಬಹುದು ಎಂದು ಅಂದಾಜು ಮಾಡಲು ವೈದ್ಯರು ನೋಡುವ ಕೆಲವು ಪ್ರೋಟೀನ್‌ಗಳಲ್ಲಿ ಅದೂ ಒಂದು. ಆ ನಕ್ಷತ್ರ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಂಬಬಹುದು ಎನ್ನುವುದನ್ನು ಬುಡದಿಂದ ನೋಡೋಣ.

ಯಾವ ಚರ್ಮದ ಕ್ಯಾನ್ಸರ್?

ಚರ್ಮದ ಕ್ಯಾನ್ಸರ್‌ನಲ್ಲಿ ಹಲವು ಬಗೆ ಇವೆ. ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಎನ್ನುವ ಎರಡು ಬಗೆ ಜಗತ್ತಿನಲ್ಲಿ ತುಂಬಾ ಸಾಮಾನ್ಯ. ಹೊತ್ತಿಗೆ ಸರಿಯಾಗಿ ಕತ್ತರಿಸಿ ತೆಗೆದರೆ ಇವು ಹೆಚ್ಚಿನವರಲ್ಲಿ ಅಲ್ಲಿಗೇ ಮುಗಿಯುತ್ತವೆ. ಮೂರನೆಯದು ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಸಂಖ್ಯೆಯಲ್ಲಿ ಕಡಿಮೆ, ಆದರೆ ಚರ್ಮದ ಕ್ಯಾನ್ಸರ್‌ನಿಂದ ಆಗುವ ಸಾವುಗಳಲ್ಲಿ ದೊಡ್ಡ ಪಾಲು ಇದರದ್ದೇ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 3.25 ಲಕ್ಷ ಜನರಲ್ಲಿ ಮೆಲನೋಮ ಪತ್ತೆಯಾಯಿತು, ಸುಮಾರು 57 ಸಾವಿರ ಜನ ಅದರಿಂದ ಸತ್ತರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು.

ಪ್ರೋಟೀನ್ ಗುರುತುಗಳ ಹುಡುಕಾಟ ಹೆಚ್ಚಾಗಿ ನಡೆದಿರುವುದು ಈ ಮೆಲನೋಮದ ಸುತ್ತಲೇ. ಅದಕ್ಕೆ ಕಾರಣ ಅದರ ಗುಣ. ಚಿಕ್ಕದಿದ್ದಾಗಲೇ ಒಂದೆರಡು ಕೋಶಗಳು ತಪ್ಪಿಸಿಕೊಂಡು ಹೋಗಿ ಶ್ವಾಸಕೋಶದಲ್ಲೋ ಯಕೃತ್ತಿನಲ್ಲೋ ಮಿದುಳಿನಲ್ಲೋ ಕೂತುಬಿಡಬಹುದು. ವರ್ಷಗಟ್ಟಲೆ ಸುಮ್ನಿದ್ದು ಆಮೇಲೆ ಬೆಳೆಯಬಹುದು.

ಮಿಲಿಮೀಟರ್ ಹೇಳುವ ಭವಿಷ್ಯ

ಮೆಲನೋಮದ ಮುಂದಿನ ದಾರಿಯನ್ನು ಊಹಿಸಲು ಇವತ್ತಿಗೂ ಎಲ್ಲಕ್ಕಿಂತ ಮೊದಲು ನೋಡುವುದು ಒಂದು ಸರಳ ಅಳತೆಯನ್ನು. ತೆಗೆದ ಮಚ್ಚೆಯನ್ನು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕ್ಯಾನ್ಸರ್ ಕೋಶಗಳು ಎಷ್ಟು ಆಳಕ್ಕೆ ಇಳಿದಿವೆ ಎಂದು ಅಳೆಯುತ್ತಾರೆ. 1970ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೊ ತೋರಿಸಿಕೊಟ್ಟ ಅಳತೆ ಇದು. ರಿಪೋರ್ಟಿನಲ್ಲಿ ‘ಬ್ರೆಸ್ಲೊ ದಪ್ಪ’ ಎಂದು ಬರೆದಿರುತ್ತದೆ. 1, 2 ಮತ್ತು 4 ಮಿಲಿಮೀಟರ್ ಇಲ್ಲಿನ ಗಡಿಗಳು. ದಪ್ಪ ಏರಿದಷ್ಟೂ ಅಪಾಯ ಏರುತ್ತದೆ. ಮೇಲ್ಭಾಗ ಒಡೆದು ಹುಣ್ಣಾಗಿದ್ದರೆ ಇನ್ನೂ ಜಾಸ್ತಿ. ಹತ್ತಿರದ ದುಗ್ಧರಸ ಗ್ರಂಥಿಗೆ ಹಬ್ಬಿದೆಯೇ ಎನ್ನುವುದು ಮುಂದಿನ ಪ್ರಶ್ನೆ.

ಐವತ್ತು ವರ್ಷ ದಾಟಿದರೂ ಈ ಅಳತೆ ಕೆಲಸ ಮಾಡುತ್ತಿದೆ. ಒಂದು ಸ್ಕೇಲು, ಒಂದು ಸೂಕ್ಷ್ಮದರ್ಶಕ, ಒಬ್ಬ ಅನುಭವಿ ವೈದ್ಯರು ಇಷ್ಟರಲ್ಲೇ ಮುಗಿಯುವ ಪರೀಕ್ಷೆಯನ್ನು ಮೀರಿಸುವುದು ಹೊಸ ತಂತ್ರಜ್ಞಾನಕ್ಕೆ ಸುಲಭವಾಗಿಲ್ಲ ಎನ್ನುವುದು ನನಗಂತೂ ಕುತೂಹಲದ ವಿಷಯ.

ಆದರೂ ಒಂದು ತೂತು ಇದೆ. ಒಂದೇ ದಪ್ಪದ, ಹುಣ್ಣಿಲ್ಲದ ಎರಡು ಮಚ್ಚೆಗಳನ್ನು ಇಬ್ಬರಿಂದ ತೆಗೆದರೆ, ಒಬ್ಬರಿಗೆ ಮತ್ತೆಂದೂ ಏನೂ ಆಗುವುದಿಲ್ಲ, ಇನ್ನೊಬ್ಬರಿಗೆ ಮೂರೇ ವರ್ಷದಲ್ಲಿ ರೋಗ ಮರುಕಳಿಸುತ್ತದೆ. ತೆಳು ಮೆಲನೋಮದಲ್ಲಿ ಪ್ರತಿಯೊಬ್ಬರ ಅಪಾಯ ಕಡಿಮೆ, ನಿಜ. ಆದರೆ ಅಂಥವರ ಸಂಖ್ಯೆ ಎಷ್ಟು ದೊಡ್ಡದೆಂದರೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಲೆಕ್ಕ ಹಾಕಿದಾಗ 4 ಮಿ.ಮೀ. ಮೀರಿದ ಗಡ್ಡೆಯವರಿಗಿಂತ 1 ಮಿ.ಮೀ. ಒಳಗಿನವರೇ ಒಟ್ಟಾರೆ ಹೆಚ್ಚು ಮಂದಿ ಸತ್ತಿದ್ದರು. ಹಾಗೆಂದು ತೆಳು ಮಚ್ಚೆಯ ಎಲ್ಲರಿಗೂ ಔಷಧ ಕೊಡಲು ಆಗುವುದಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮಿಲಿಮೀಟರ್ ಒಂದೇ ಹೇಳಲಾರದು. ಪ್ರೋಟೀನ್‌ಗಳು ಬರುವುದು ಇಲ್ಲಿ.

ಪ್ರೋಟೀನೇ ಯಾಕೆ?

ಬಯೋಮಾರ್ಕರ್ ಎಂದರೆ ದೇಹದೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದ ಅಳೆದು ತಿಳಿಯುವ ಗುರುತು. ಥರ್ಮಾಮೀಟರಿನ ಅಂಕಿಯೂ ಒಂದು ಗುರುತೇ. ಹೊಗೆ ಕಂಡರೆ ಎಲ್ಲೋ ಬೆಂಕಿ ಇದೆ ಎಂದುಕೊಳ್ಳುತ್ತೇವೆ. ಹೊಗೆಯೇ ಬೆಂಕಿಯಲ್ಲ, ಹೊಗೆಯೆಲ್ಲ ಅನಾಹುತದ್ದೂ ಅಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಸುಮಾರು 20 ಸಾವಿರ ಜೀನ್‌ಗಳಿವೆ. ಜೀನ್ ಎಂದರೆ ಬರೆದಿಟ್ಟ ವಿಧಾನ, ಪ್ರೋಟೀನ್ ಎಂದರೆ ಅದನ್ನು ಓದಿ ಮಾಡಿದ ಕೆಲಸಗಾರ. ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಪುಸ್ತಕ ಒಂದೇ, ಓದುವ ಪುಟ ಬೇರೆ. ಹಾಗಾಗಿ ಕೋಶ ಈ ಕ್ಷಣ ಏನು ಮಾಡುತ್ತಿದೆ, ಹರಡಲು ಹೊರಟಿದೆಯೇ, ಸಾಯುತ್ತಿದೆಯೇ, ದೇಹದ ಕಾವಲಿನಿಂದ ತಪ್ಪಿಸಿಕೊಳ್ಳುತ್ತಿದೆಯೇ ಎನ್ನುವುದು ಪ್ರೋಟೀನ್‌ಗಳಲ್ಲಿ ಕಾಣುತ್ತದೆ. ಜೊತೆಗೆ ಹೆಚ್ಚಿನ ಔಷಧಗಳು ಹೋಗಿ ಅಂಟಿಕೊಳ್ಳುವುದೂ ಪ್ರೋಟೀನ್‌ಗಳಿಗೇ.

ಇವನ್ನು ಎರಡು ಕಡೆ ಹುಡುಕುತ್ತಾರೆ. ಒಂದು, ತೆಗೆದ ಗಡ್ಡೆಯ ತುಣುಕಿನಲ್ಲಿ. ಇನ್ನೊಂದು, ರಕ್ತದಲ್ಲಿ.

ಒಂದೇ ಥರ ಕೇಳಿಸುವ ಎರಡು ಪ್ರಶ್ನೆ

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಂಡರೆ ಮುಂದಿನದೆಲ್ಲ ಸುಲಭ. ‘ನನ್ನ ರೋಗ ಎಷ್ಟು ಜೋರಾದದ್ದು?’ ಎನ್ನುವುದು ಒಂದು ಪ್ರಶ್ನೆ. ‘ಈ ಔಷಧ ನನಗೆ ಹಿಡಿಯುತ್ತದೆಯೇ?’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರಿಸುವ ಗುರುತನ್ನು ಮುನ್ಸೂಚಕ ಎನ್ನೋಣ. ಎರಡನೆಯದಕ್ಕೆ ಉತ್ತರಿಸುವುದು ಔಷಧ ಸೂಚಕ.

ಮಳೆ ಜೋರಾಗಿ ಬರುತ್ತದೆಯೇ ಎಂದು ಹೇಳುವುದು ಬೇರೆ, ನಿಮ್ಮ ಕೈಯಲ್ಲಿರುವ ಛತ್ರಿ ಆ ಮಳೆಗೆ ತಡೆಯುತ್ತದೆಯೇ ಎಂದು ಹೇಳುವುದು ಬೇರೆ. ಸುದ್ದಿಗಳಲ್ಲಿ ಇವೆರಡನ್ನೂ ಕಲಸಿ ‘ಕ್ಯಾನ್ಸರ್ ಭವಿಷ್ಯ ಹೇಳುವ ಪ್ರೋಟೀನ್ ಪತ್ತೆ’ ಎಂದು ಬರೆದುಬಿಡುತ್ತಾರೆ. ಯಾವ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂದು ನೋಡದೆ ಅಂಥ ತಲೆಬರಹ ನಂಬಬಾರದು.

ರಕ್ತದಲ್ಲಿ ತೇಲುವ ಗುರುತುಗಳು

ರಕ್ತದ ಗುರುತುಗಳಲ್ಲಿ ಹಳೆಯದೂ ಗಟ್ಟಿಯೂ ಆದದ್ದು ಎಲ್‌ಡಿಎಚ್, ಅಂದರೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಇದು ಸಕ್ಕರೆಯಿಂದ ಶಕ್ತಿ ತೆಗೆಯುವ ಕೆಲಸದಲ್ಲಿ ನೆರವಾಗುವ ಕಿಣ್ವ. ಮೆಲನೋಮಕ್ಕೇ ಮೀಸಲಾದದ್ದೇನಲ್ಲ, ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಹಾಗಿದ್ದರೆ ಕ್ಯಾನ್ಸರ್ ಬಗ್ಗೆ ಏನು ಹೇಳುತ್ತದೆ? ವೇಗವಾಗಿ ಬೆಳೆಯುವ ಗಡ್ಡೆ ಸಕ್ಕರೆಯನ್ನು ಎಗ್ಗಿಲ್ಲದೆ ಸುಡುತ್ತದೆ. ಅದರ ಒಳಭಾಗಕ್ಕೆ ರಕ್ತ ಸಾಲದೆ ಕೋಶಗಳು ಸಾಯುತ್ತವೆ, ಒಡೆದ ಕೋಶಗಳಿಂದ ಎಲ್‌ಡಿಎಚ್ ರಕ್ತಕ್ಕೆ ಸೋರುತ್ತದೆ. ಅಂಕಿ ಏರಿದೆ ಎಂದರೆ ದೇಹದಲ್ಲಿ ಗಡ್ಡೆಯ ಹೊರೆ ದೊಡ್ಡದಿದೆ ಎಂದು ಊಹಿಸಬಹುದು. 2018ರ ಜನವರಿಯಿಂದ ಬಳಕೆಯಲ್ಲಿರುವ ಅಮೆರಿಕದ ಕ್ಯಾನ್ಸರ್ ಜಂಟಿ ಸಮಿತಿಯ ಕೈಪಿಡಿಯ ಎಂಟನೇ ಆವೃತ್ತಿಯಲ್ಲಿ, ಬೇರೆ ಅಂಗಗಳಿಗೆ ಹಬ್ಬಿದ ಮೆಲನೋಮದ ಹಂತ ಬರೆಯುವಾಗ ಎಲ್‌ಡಿಎಚ್ ಮಾಮೂಲಿ ಇದ್ದರೆ 0, ಏರಿದ್ದರೆ 1 ಎಂದು ಜೊತೆಗೆ ಸೇರಿಸುತ್ತಾರೆ. ರಕ್ತದ ಪ್ರೋಟೀನೊಂದು ಕ್ಯಾನ್ಸರ್‌ನ ಹಂತದ ಲೆಕ್ಕಕ್ಕೇ ಸೇರಿರುವುದು ಅಪರೂಪ.

ಇದರ ದೌರ್ಬಲ್ಯವೂ ಅಲ್ಲೇ ಇದೆ. ಕೆಂಪು ರಕ್ತಕಣಗಳೊಳಗೂ ಎಲ್‌ಡಿಎಚ್ ಧಾರಾಳವಾಗಿರುತ್ತದೆ. ರಕ್ತ ತೆಗೆಯುವಾಗ ಸಿರಿಂಜನ್ನು ಜೋರಾಗಿ ಎಳೆದರೆ, ಅಥವಾ ಟ್ಯೂಬನ್ನು ಕುಲುಕಾಡಿಸಿದರೆ ಕೆಲವು ಕಣಗಳು ಒಡೆಯುತ್ತವೆ. ಆಮೇಲೆ ಯಂತ್ರದಲ್ಲಿ ತಿರುಗಿಸಿ ನೋಡಿದಾಗ, ತಿಳಿ ಹಳದಿ ಇರಬೇಕಾದ ಮೇಲಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಅನುಭವಿ ಲ್ಯಾಬ್ ಕೆಲಸಗಾರರು ಬಣ್ಣ ನೋಡಿಯೇ ‘ಇನ್ನೊಂದು ಸ್ಯಾಂಪಲ್ ಬೇಕು’ ಎನ್ನುತ್ತಾರೆ. ನೋಡದೆ ಯಂತ್ರಕ್ಕೆ ಹಾಕಿದರೆ ಆರೋಗ್ಯವಂತನಿಗೂ ನಕ್ಷತ್ರ ಬೀಳುತ್ತದೆ. ಯಕೃತ್ತಿನ ತೊಂದರೆ, ಹೃದಯಾಘಾತ, ಸ್ನಾಯುವಿಗೆ ಪೆಟ್ಟು ಇವುಗಳಲ್ಲೂ ಎಲ್‌ಡಿಎಚ್ ಏರುತ್ತದೆ.

ಇನ್ನು ನಮ್ಮ ಎಸ್‌100ಬಿ. ಇದರ ಕಥೆ ಶುರುವಾಗುವುದು ಚರ್ಮದಲ್ಲಲ್ಲ, ಮಿದುಳಿನಲ್ಲಿ. 1965ರಲ್ಲಿ ಹಸುವಿನ ಮಿದುಳಿನಿಂದ ಈ ಗುಂಪಿನ ಪ್ರೋಟೀನ್‌ಗಳನ್ನು ಬೇರ್ಪಡಿಸಿದರು. ಅಮೋನಿಯಂ ಸಲ್ಫೇಟ್ ಎಂಬ ಲವಣ ಇನ್ನು ಕರಗಲಾರದಷ್ಟು, ಅಂದರೆ ಶೇ 100ರಷ್ಟು ತುಂಬಿದ ದ್ರಾವಣದಲ್ಲೂ ಕರಗಿಯೇ ಇದ್ದವು, ಅದಕ್ಕೇ ಎಸ್‌100 ಎಂಬ ಹೆಸರು. ಮಿದುಳಿನ ಪ್ರೋಟೀನಿಗೂ ಕಪ್ಪು ಮಚ್ಚೆಗೂ ಏನು ನಂಟು? ಗರ್ಭದಲ್ಲಿ ಭ್ರೂಣ ಬೆಳೆಯುವಾಗ ನರಮಂಡಲದ ಅಂಚಿನಿಂದ ಕೆಲವು ಕೋಶಗಳು ಹೊರಟು ದೇಹದ ತುಂಬ ಹರಡುತ್ತವೆ. ನರಗಳ ಸುತ್ತ ಹೊದಿಕೆ ಹಾಕುವ ಕೋಶಗಳೂ ಚರ್ಮದ ಬಣ್ಣದ ಕೋಶಗಳೂ ಆ ಗುಂಪಿನಿಂದಲೇ ಬಂದವು. ಅಂದರೆ ಇವು ದಾಯಾದಿಗಳು. ಬಣ್ಣದ ಕೋಶ ಕ್ಯಾನ್ಸರ್ ಆದಾಗಲೂ ಮನೆತನದ ಈ ಗುರುತು ಬಿಟ್ಟು ಹೋಗುವುದಿಲ್ಲ.

ಎಸ್‌100ಬಿ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಗಡ್ಡೆ ತೆಗೆದ ಮೇಲೆ ಇಳಿಯಬೇಕು, ಇಳಿದದ್ದು ಮತ್ತೆ ಏರಿದರೆ ಹುಷಾರಾಗಬೇಕು. ಜರ್ಮನಿಯಂಥ ಯುರೋಪಿನ ಕೆಲವು ದೇಶಗಳಲ್ಲಿ ಅಪಾಯ ಹೆಚ್ಚಿರುವ ರೋಗಿಗಳ ತಪಾಸಣೆಯಲ್ಲಿ ಇದನ್ನು ಬಳಸುತ್ತಾರೆ. ಅಮೆರಿಕದಲ್ಲಿ ವಾಡಿಕೆಯಾಗಿ ಬಳಸುವುದಿಲ್ಲ. ಒಂದೇ ಪ್ರೋಟೀನ್, ಎರಡು ನಿಲುವು. ಯಾಕೆಂದರೆ ಇದೂ ಬೇರೆ ಕಾರಣಕ್ಕೆ ಏರುತ್ತದೆ. ತಲೆಗೆ ಪೆಟ್ಟು ಬಿದ್ದಾಗ ಏರುತ್ತದೆ. ಎಷ್ಟರಮಟ್ಟಿಗೆ ಎಂದರೆ, ಸ್ಕ್ಯಾಂಡಿನೇವಿಯಾದ ದೇಶಗಳ 2013ರ ಮಾರ್ಗಸೂಚಿಯಲ್ಲಿ ಸಣ್ಣ ಪೆಟ್ಟಿಗೆ ತಲೆಯ ಸಿಟಿ ಸ್ಕ್ಯಾನ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಇದೇ ಪರೀಕ್ಷೆ ಇದೆ. ಕೊಬ್ಬಿನ ಕೋಶಗಳಲ್ಲೂ ಎಸ್‌100ಬಿ ಇದೆ. ದೂರದ ಓಟ ಓಡಿ ಬಂದವರಲ್ಲೂ ಏರುತ್ತದೆ.

ಎಂಐಎ ಎಂಬ ಮೂರನೆಯದನ್ನು ಮೆಲನೋಮ ಕೋಶಗಳು ತಾವಾಗಿಯೇ ಹೊರಕ್ಕೆ ಬಿಡುತ್ತವೆ. ಕೀಲುಗಳ ಮೃದ್ವಸ್ಥಿಯೂ ಅದನ್ನು ತಯಾರಿಸುತ್ತದೆ. ಹಾಗಾಗಿ ಬೆಳೆಯುವ ಮಕ್ಕಳಲ್ಲೂ ಗರ್ಭಿಣಿಯರಲ್ಲೂ ಜಾಸ್ತಿ ಇರುತ್ತದೆ. ಇತ್ತೀಚೆಗೆ ಐಎಲ್-8 ಎಂಬ ಉರಿಯೂತದ ಪ್ರೋಟೀನ್ ಮೇಲೂ ಗಮನ ಬಿದ್ದಿದೆ. ಅದು ರಕ್ತದಲ್ಲಿ ಹೆಚ್ಚಿರುವವರಿಗೆ ಇಮ್ಯುನೋಥೆರಪಿಯಿಂದ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆಯಿಂದ, ಸಿಗುವ ಲಾಭ ಕಡಿಮೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು.

ಗಾಜಿನ ಮೇಲಿನ ಕಂದು ಬಣ್ಣ

ಗಡ್ಡೆಯ ತುಣುಕಿನಲ್ಲಿ ಪ್ರೋಟೀನ್ ನೋಡುವುದು ಕಣ್ಣಿಗೆ ಕಟ್ಟುವಂಥ ಕೆಲಸ. ತುಣುಕನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಸೀಳಿ ಗಾಜಿನ ಮೇಲೆ ಹಾಸುತ್ತಾರೆ. ಒಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಆ್ಯಂಟಿಬಾಡಿ ಹನಿಸುತ್ತಾರೆ. ಆಮೇಲೆ ಅದು ಅಂಟಿದ ಜಾಗದಲ್ಲಿ ಬಣ್ಣ ಮೂಡಿಸುವ ರಾಸಾಯನಿಕ. ತೊಳೆದು ನೋಡಿದರೆ ಆ ಪ್ರೋಟೀನ್ ಇರುವ ಕೋಶಗಳು ಕಂದು, ಉಳಿದದ್ದು ನೀಲಿ. ರಕ್ತದ ಪ್ರೋಟೀನನ್ನು ಅಳೆಯುವ ಪರೀಕ್ಷೆಗಳ ಹಿಂದೆಯೂ ಇದೇ ಬೀಗ–ಕೀಲಿಯ ಉಪಾಯ ಇದೆ. ಅಲ್ಲಿ ಬಣ್ಣದ ಅಥವಾ ಬೆಳಕಿನ ತೀವ್ರತೆಯನ್ನು ಯಂತ್ರ ಅಳೆಯುತ್ತದೆ.

ಹೀಗೆ ನೋಡುವ ಒಂದು ಪ್ರೋಟೀನ್ ಕೆಐ-67. ಕೋಶ ಒಡೆದು ಎರಡಾಗಲು ಸಿದ್ಧವಾಗುವಾಗ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ನೂರು ಕೋಶಗಳಲ್ಲಿ ಎಷ್ಟು ಕಂದು ಎಂದು ಎಣಿಸಿದರೆ ಗಡ್ಡೆ ಎಷ್ಟು ಬಿರುಸಾಗಿ ಬೆಳೆಯುತ್ತಿದೆ ಎಂದು ತಿಳಿಯುತ್ತದೆ. ಹೆಸರಿನ ಹಿಂದೆ ದೊಡ್ಡ ಅರ್ಥವೇನೂ ಇಲ್ಲ. ಕಂಡುಹಿಡಿದದ್ದು ಜರ್ಮನಿಯ ಕೀಲ್ ನಗರದಲ್ಲಿ, ಪ್ರಯೋಗದ ತಟ್ಟೆಯ 67ನೇ ಗುಳಿಯಲ್ಲಿ. ಅಷ್ಟೇ.

ಔಷಧ ಸೂಚಕಕ್ಕೆ ಒಳ್ಳೆಯ ಉದಾಹರಣೆ ಬಿರ್ಯಾಫ್. ಇದು ಕೋಶಕ್ಕೆ ‘ಬೆಳೆ’ ಎಂದು ಹೇಳುವ ಸ್ವಿಚ್ಚಿನಂಥ ಪ್ರೋಟೀನ್. ಚರ್ಮದ ಮೆಲನೋಮಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಸರಪಳಿಯಂತಿರುವ ಇದರ 600ನೇ ಕೊಂಡಿ ಬದಲಾಗಿ ಸ್ವಿಚ್ಚು ಹಾಕಿದಂತೆಯೇ ಉಳಿದುಬಿಡುತ್ತದೆ ಎಂಬುದು 2002ರಿಂದ ಗೊತ್ತಿರುವ ಸಂಗತಿ. ಆ ಬದಲಾದ ಪ್ರೋಟೀನನ್ನು ತಡೆಯುವ ಮಾತ್ರೆಗಳು 2011ರಿಂದ ಸಿಗುತ್ತಿವೆ. ಬದಲಾವಣೆ ಇದ್ದರೆ ಮಾತ್ರ ಮಾತ್ರೆ ಕೆಲಸಕ್ಕೆ ಬರುತ್ತದೆ, ಇಲ್ಲದಿದ್ದರೆ ಕೊಡುವುದೇ ಇಲ್ಲ. ಜೀನ್ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಬದಲಾದ ಪ್ರೋಟೀನಿನ ಮುಖ್ಯ ರೂಪಕ್ಕಷ್ಟೇ ಅಂಟುವ ಆ್ಯಂಟಿಬಾಡಿಯಿಂದ ಗಾಜಿನ ಮೇಲೂ ನೋಡಬಹುದು.

ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನಿನ ಕಥೆ ಅಷ್ಟು ನೇರ ಅಲ್ಲ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ಪಿಡಿ-1 ಎಂಬ ಬ್ರೇಕ್ ಇದೆ. ಕೆಲವು ಗಡ್ಡೆಗಳು ತಮ್ಮ ಮೈಮೇಲೆ ಪಿಡಿ-ಎಲ್1 ಬೆಳೆಸಿಕೊಂಡು ಆ ಬ್ರೇಕನ್ನು ಒತ್ತಿ ಹಿಡಿಯುತ್ತವೆ. ಇಂಥ ಬ್ರೇಕ್ ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಹಾಗಿದ್ದರೆ ಪಿಡಿ-ಎಲ್1 ಜಾಸ್ತಿ ಇದ್ದವರಿಗೆ ಔಷಧ ಹಿಡಿಯಬೇಕು, ಇಲ್ಲದವರಿಗೆ ಹಿಡಿಯಬಾರದು, ಅಲ್ವಾ? ಮೆಲನೋಮದಲ್ಲಿ ಲೆಕ್ಕ ಹಾಗೆ ಕೂಡಿಬರಲಿಲ್ಲ. ಸರಾಸರಿಯಲ್ಲಿ ಜಾಸ್ತಿ ಇದ್ದವರ ಫಲಿತಾಂಶ ಚೆನ್ನಾಗಿದೆ, ನಿಜ. ಆದರೆ ಗಾಜಿನ ಮೇಲೆ ಒಂದಿಷ್ಟೂ ಕಂದು ಕಾಣದವರಲ್ಲೂ ಎಷ್ಟೋ ಜನರಿಗೆ ಗಡ್ಡೆ ಕರಗಿದೆ. ಗಡ್ಡೆಯ ಒಂದು ತುದಿಯಲ್ಲಿ ಇರುವ ಪ್ರೋಟೀನ್ ಇನ್ನೊಂದು ತುದಿಯಲ್ಲಿ ಇರದಿರಬಹುದು. ಇವತ್ತು ಇಲ್ಲದ್ದು ಮುಂದಿನ ತಿಂಗಳು ಬರಬಹುದು. ಅದಕ್ಕೇ ಪಿಡಿ-ಎಲ್1 ಇಲ್ಲ ಎಂಬ ಒಂದೇ ಕಾರಣಕ್ಕೆ ಮೆಲನೋಮ ರೋಗಿಗೆ ಈ ಚಿಕಿತ್ಸೆ ತಪ್ಪಿಸುವುದಿಲ್ಲ.

ಗಡ್ಡೆ ಬಿಟ್ಟು ಅದರ ಮೇಲಿನ ಚರ್ಮ ನೋಡಿದವರು

ನನಗೆ ಇಡೀ ವಿಷಯದಲ್ಲಿ ಬಹಳ ಹಿಡಿಸಿದ ತುಣುಕು ಇದು. ಎಲ್ಲರೂ ಕ್ಯಾನ್ಸರ್ ಕೋಶದೊಳಗೆ ಇಣುಕುತ್ತಿದ್ದಾಗ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡವೊಂದು ಗಡ್ಡೆಯ ಮೇಲೆ ಹಾಸಿಕೊಂಡಿರುವ ಮಾಮೂಲಿ ಚರ್ಮವನ್ನು ನೋಡಿತು.

ಚರ್ಮದ ಹೊರಪದರ ಗಟ್ಟಿಯಾಗಿ ನಿಲ್ಲಲು ಲೋರಿಕ್ರಿನ್ ಎಂಬ ಪ್ರೋಟೀನ್ ಬೇಕು. ಗೋಡೆಗೆ ಗಾರೆ ಇದ್ದ ಹಾಗೆ. ಆ್ಯಂಬ್ರಾ1 ಎಂಬ ಇನ್ನೊಂದು ಪ್ರೋಟೀನ್ ಆ ಪದರದ ಕೋಶಗಳು ಸರಿಯಾಗಿ ಬಲಿಯಲು ಸಹಾಯ ಮಾಡುತ್ತದೆ. ಅಪಾಯಕಾರಿ ಮೆಲನೋಮಗಳು ಟಿಜಿಎಫ್-ಬೀಟಾ2 ಎಂಬ ಸಂದೇಶವನ್ನು ಹೊರಕ್ಕೆ ಬಿಟ್ಟು, ಮೇಲಿನ ಚರ್ಮದಲ್ಲಿ ಈ ಎರಡನ್ನೂ ಕಡಿಮೆ ಮಾಡುತ್ತವೆ ಎಂದು ತಂಡ ಕಂಡುಕೊಂಡಿತು. ಗೋಡೆ ಸಡಿಲವಾಗುತ್ತದೆ, ಮುಂದೆ ಹುಣ್ಣಾಗಲು ದಾರಿಯಾಗುತ್ತದೆ. ಹುಣ್ಣು ಕಣ್ಣಿಗೆ ಕಾಣುವ ಮೊದಲೇ ಗಾರೆ ಉದುರಿದ್ದು ಗಾಜಿನ ಮೇಲೆ ತಿಳಿಯುತ್ತದೆ.

ನೋಡುವ ರೀತಿಯೂ ಸರಳ. ಮಚ್ಚೆಯ ಪಕ್ಕದ ಆರೋಗ್ಯವಂತ ಚರ್ಮದಲ್ಲಿ ಕಂದು ಪಟ್ಟಿ ಕಾಣುತ್ತದೆ. ಅದೇ ಪಟ್ಟಿಯನ್ನು ಹಿಡಿದು ಮಚ್ಚೆಯ ಮೇಲಕ್ಕೆ ಬನ್ನಿ. ಪಟ್ಟಿ ಮುಂದುವರಿದಿದೆಯೇ, ನಡುವೆ ಹರಿದಿದೆಯೇ? ಹುಣ್ಣಿಲ್ಲದ ಆರಂಭದ ಮೆಲನೋಮದಲ್ಲಿ ಪಟ್ಟಿ ಉಳಿದಿದ್ದರೆ ರೋಗ ಮರುಕಳಿಸುವ ಸಾಧ್ಯತೆ ಕಡಿಮೆ. ಎರಡೂ ಪ್ರೋಟೀನ್ ಮಾಯವಾಗಿದ್ದರೆ ಜಾಸ್ತಿ. ಇಲ್ಲಿ ಗುರುತು ಇರುವುದಕ್ಕಿಂತ ಇಲ್ಲದಿರುವುದೇ ಸುದ್ದಿ. ‘ನಿಮಗೆ ಅಪಾಯ ಕಡಿಮೆ’ ಎಂದು ಧೈರ್ಯ ಹೇಳಲು ಬಳಸಬಹುದಾದ ಪರೀಕ್ಷೆ ಎನ್ನುವುದೂ ಇದರ ವಿಶೇಷ. ರೋಗಿಗೆ ಕೆಟ್ಟ ಸುದ್ದಿಯಷ್ಟೇ ಒಳ್ಳೆಯ ಸುದ್ದಿಯೂ ಬೇಕಲ್ಲ.

ನಕ್ಷತ್ರದ ಲೆಕ್ಕ

ಈಗ ಮೊದಲಿನ ರಿಪೋರ್ಟಿಗೆ ಬರೋಣ. ಒಂದು ಕಲ್ಪಿತ ಪರೀಕ್ಷೆ ತೆಗೆದುಕೊಳ್ಳಿ. ಅಂಕಿಗಳು ನನ್ನವು, ಲೆಕ್ಕ ತಿಳಿಯಲಿಕ್ಕಷ್ಟೇ. ರೋಗ ನಿಜವಾಗಿ ಮರುಕಳಿಸಿದ 100 ಜನರಲ್ಲಿ 80 ಜನರನ್ನು ಅದು ಹಿಡಿಯುತ್ತದೆ. ಏನೂ ಇಲ್ಲದ 100 ಜನರಲ್ಲಿ 10 ಜನರಿಗೆ ತಪ್ಪಾಗಿ ನಕ್ಷತ್ರ ಹಾಕುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ.

ತಪಾಸಣೆಗೆ ಬಂದ 1,000 ಜನರಲ್ಲಿ 50 ಜನರಿಗೆ ಮಾತ್ರ ರೋಗ ಮರುಕಳಿಸಿದೆ ಎನ್ನೋಣ. ಆ 50ರಲ್ಲಿ 40 ಜನರಿಗೆ ನಕ್ಷತ್ರ ಬೀಳುತ್ತದೆ. ಉಳಿದ 950 ಜನ ಚೆನ್ನಾಗಿದ್ದಾರೆ, ಅವರಲ್ಲಿ 95 ಜನರಿಗೂ ಬೀಳುತ್ತದೆ. ಒಟ್ಟು 135 ನಕ್ಷತ್ರ, ಅದರಲ್ಲಿ ನಿಜವಾದದ್ದು 40. ಹತ್ತು ನಕ್ಷತ್ರದಲ್ಲಿ ಏಳು ಸುಳ್ಳು! ಜೊತೆಗೆ ನಿಜವಾದ ರೋಗ ಇರುವ 10 ಜನ ನಕ್ಷತ್ರವೇ ಇಲ್ಲದೆ ನೆಮ್ಮದಿಯಿಂದ ಮನೆಗೆ ಹೋಗಿರುತ್ತಾರೆ.

ಅದೇ ಪರೀಕ್ಷೆಯನ್ನು ಅಪಾಯ ತುಂಬಾ ಹೆಚ್ಚಿರುವ, ಅರ್ಧದಷ್ಟು ಜನರಲ್ಲಿ ರೋಗ ಮರುಕಳಿಸಿರುವ 1,000 ಜನರ ಮೇಲೆ ಮಾಡಿ. 400 ನಿಜ, 50 ಸುಳ್ಳು. ಈಗ ಹತ್ತರಲ್ಲಿ ಸುಮಾರು ಒಂಬತ್ತು ನಕ್ಷತ್ರ ನಿಜ. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷೆಗೆ ಬಂದ ಗುಂಪು ಬದಲಾಯಿತು.

ಹಾಗಾಗಿಯೇ ತೆಳು ಮಚ್ಚೆ ತೆಗೆಸಿಕೊಂಡ ಎಲ್ಲರಿಗೂ ಇಂಥ ರಕ್ತ ಪರೀಕ್ಷೆ ಬರೆದುಕೊಡುವುದಿಲ್ಲ. ಒಂದು ಸುಳ್ಳು ನಕ್ಷತ್ರದ ಹಿಂದೆ ಸ್ಕ್ಯಾನ್ ಬರುತ್ತದೆ. ಸ್ಕ್ಯಾನಿನಲ್ಲಿ ಯಾವುದೋ ಹಳೆಯ ಗಂಟು ಕಾಣುತ್ತದೆ, ಅದಕ್ಕೊಂದು ಸೂಜಿ ಚುಚ್ಚುತ್ತಾರೆ, ಅದರ ಫಲಿತಾಂಶಕ್ಕೆ ಮತ್ತೊಂದು ವಾರ ಕಾಯಬೇಕು.

ಸಾವಿರ ಕಂಡರೂ ಕೈಗೆ ಬಂದದ್ದು ಒಂದೆರಡು

ಈಗಿನ ಯಂತ್ರಗಳು ಕೆಲವೇ ಹನಿ ರಕ್ತದಲ್ಲಿ ಸಾವಿರಾರು ಪ್ರೋಟೀನ್ ಅಳೆಯುತ್ತವೆ. ಹಾಗಿದ್ದೂ ದಿನನಿತ್ಯದ ಚಿಕಿತ್ಸೆಗೆ ಬಂದ ಗುರುತುಗಳು ಬೆರಳೆಣಿಕೆಯಷ್ಟೇ. ಯಾಕೆ?

ಮೊದಲ ಕಾರಣ ರಕ್ತದ್ದೇ ಸ್ವಭಾವ. ಅದರ ನೀರಿನಲ್ಲಿರುವ ಪ್ರೋಟೀನ್‌ನಲ್ಲಿ ಅರ್ಧದಷ್ಟು ಆಲ್ಬುಮಿನ್ ಒಂದೇ. ಅತಿ ಹೆಚ್ಚಿರುವ ಇಪ್ಪತ್ತೆರಡು ಪ್ರೋಟೀನ್‌ಗಳು ಸೇರಿದರೆ ತೂಕದಲ್ಲಿ ಶೇ 99ರಷ್ಟಾಗುತ್ತದೆ. ಕ್ಯಾನ್ಸರ್ ಬಿಡುವ ಗುರುತುಗಳೆಲ್ಲ ಉಳಿದ ಶೇ 1ರಲ್ಲಿ. ಗದ್ದಲದ ನಡುವೆ ಪಿಸುಮಾತು ಕೇಳಿಸಿಕೊಂಡ ಹಾಗೆ.

ಎರಡನೆಯದು ಕಾಕತಾಳೀಯ. 60 ರೋಗಿಗಳ ರಕ್ತದಲ್ಲಿ 3,000 ಪ್ರೋಟೀನ್ ಅಳೆದು, ‘ನೂರಕ್ಕೆ ಐದು ಸಲ ಆಕಸ್ಮಿಕವಾಗಿ ಹೀಗಾಗಬಹುದು’ ಎನ್ನುವ ಮಾಮೂಲಿ ಅಳತೆಗೋಲು ಹಿಡಿದರೆ, ಯಾವ ನಂಟೂ ಇಲ್ಲದಿದ್ದರೂ 150 ಪ್ರೋಟೀನ್‌ಗಳು ನಂಟಿರುವಂತೆ ಕಾಣುತ್ತವೆ. ಮೋಡ ನೋಡುತ್ತಾ ಕೂತರೆ ಆನೆಯೂ ಕಾಣುತ್ತದೆ, ಕುದುರೆಯೂ ಕಾಣುತ್ತದೆ. ಅದಕ್ಕೇ ಒಂದು ಆಸ್ಪತ್ರೆಯಲ್ಲಿ ಕಂಡದ್ದನ್ನು ಬೇರೆ ಆಸ್ಪತ್ರೆಯ, ಬೇರೆ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಬೇಕು. ಹೆಚ್ಚಿನ ‘ಪತ್ತೆ’ಗಳು ಸೋಲುವುದು ಈ ಹೊಸ್ತಿಲಲ್ಲಿ. ಇಂಥ ಅಧ್ಯಯನಗಳು ಏನೇನು ಮುಚ್ಚಿಡದೆ ಹೇಳಬೇಕು ಎಂದು 2005ರಲ್ಲಿ ರಿಮಾರ್ಕ್ ಎಂಬ ಮಾರ್ಗಸೂಚಿಯನ್ನೇ ಮಾಡಬೇಕಾಯಿತು.

ಮೂರನೆಯದನ್ನು ಜನ ಗಮನಿಸುವುದು ಕಡಿಮೆ. ಔಷಧ ಬದಲಾದರೆ ಗುರುತಿನ ಅರ್ಥವೂ ಬದಲಾಗುತ್ತದೆ. 2011ಕ್ಕೆ ಮೊದಲು ಬೇರೆ ಅಂಗಗಳಿಗೆ ಹಬ್ಬಿದ ಮೆಲನೋಮ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ವರ್ಷವೂ ಬದುಕುತ್ತಿರಲಿಲ್ಲ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಎರಡು ಇಮ್ಯುನೋಥೆರಪಿ ಔಷಧಗಳನ್ನು ಒಟ್ಟಿಗೆ ಪಡೆದವರಲ್ಲಿ ಹತ್ತು ವರ್ಷದ ನಂತರವೂ ಶೇ 43ರಷ್ಟು ಜನ ಬದುಕಿದ್ದಾರೆ ಎಂದು 2024ರಲ್ಲಿ ಪ್ರಕಟವಾದ ಫಲಿತಾಂಶ ಹೇಳುತ್ತದೆ. ಹಳೆಯ ಕಾಲದ ರೋಗಿಗಳಿಂದ ಕಟ್ಟಿದ ಲೆಕ್ಕವನ್ನು ಇವತ್ತಿನವರಿಗೆ ಹಾಗೇ ಅಂಟಿಸಲು ಬರುವುದಿಲ್ಲ.

ಅದೇ ಜೋಡಿ ಔಷಧದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ತೀವ್ರ ಅಡ್ಡಪರಿಣಾಮ ಆಗಿತ್ತು ಎನ್ನುವುದನ್ನೂ ಮರೆಯಬಾರದು. ಕರುಳು ಉರಿಯುವುದು, ಯಕೃತ್ತು ಊದುವುದು, ಥೈರಾಯ್ಡ್ ಕೆಟ್ಟು ಜೀವನಪೂರ್ತಿ ಮಾತ್ರೆ ನುಂಗುವುದು. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಎಲ್ಲೂ ಹಬ್ಬಿರದ ಆದರೆ ದಪ್ಪಗಿದ್ದ ಮೆಲನೋಮವನ್ನು ತೆಗೆಸಿಕೊಂಡವರಿಗೂ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಕೊಡಲು ಒಪ್ಪಿತು. ಇವರಲ್ಲಿ ಹಲವರಿಗೆ ಶಸ್ತ್ರಚಿಕಿತ್ಸೆಯಿಂದಲೇ ರೋಗ ವಾಸಿಯಾಗಿರುತ್ತದೆ. ಯಾರಿಗೆ ಎಂದು ಗೊತ್ತಿಲ್ಲದ್ದಕ್ಕೆ ಎಲ್ಲರ ಮುಂದೆಯೂ ಔಷಧದ ಪ್ರಶ್ನೆ ಬರುತ್ತದೆ. ಇಲ್ಲಿ ಒಂದು ನಂಬಿಕಸ್ತ ಪ್ರೋಟೀನ್ ಸಿಕ್ಕರೆ ಎಷ್ಟೋ ಜನರ ಥೈರಾಯ್ಡ್ ಉಳಿಯುತ್ತದೆ.

ಅಂಗಾಲಿನ ಮಚ್ಚೆ

ಮೆಲನೋಮದ ಹೆಚ್ಚಿನ ಅಧ್ಯಯನಗಳು ನಡೆದಿರುವುದು ಬಿಳಿ ಚರ್ಮದವರಲ್ಲಿ, ಬಿಸಿಲಿನ ಪೆಟ್ಟಿನಿಂದ ಬಂದ ಗಡ್ಡೆಗಳ ಮೇಲೆ. ಕಂದು, ಕಪ್ಪು ಚರ್ಮದವರಲ್ಲಿ ಒಟ್ಟಾರೆ ಮೆಲನೋಮ ಬಹಳ ಕಡಿಮೆ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಗಾಯಕ ಬಾಬ್ ಮಾರ್ಲಿಗೆ ಬಂದದ್ದು ಕಾಲ್ಬೆರಳಿನ ಉಗುರಿನಡಿ, 1981ರಲ್ಲಿ ತೀರಿಕೊಂಡರು. ಈ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ, ಬಿರ್ಯಾಫ್ ಬದಲಾವಣೆ ಕಡಿಮೆ, ಇಮ್ಯುನೋಥೆರಪಿ ಹಿಡಿಯುವುದೂ ಕಡಿಮೆ. ಒಂದು ಕಡೆ ಕಟ್ಟಿದ ಪ್ರೋಟೀನ್ ಲೆಕ್ಕ ಇಲ್ಲೂ ಸರಿಹೋಗುತ್ತದೆಯೇ ಎಂದು ಬೇರೆಯಾಗಿಯೇ ನೋಡಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತೇವೆ. ಅಂಗಾಲಿನ ಮಚ್ಚೆಗೆ ಮಾತ್ರ ಬೇಕು, ಅಲ್ಲಿ ಯಾರೂ ಬಗ್ಗಿ ನೋಡುವುದೇ ಇಲ್ಲ.

ನಾಲ್ಕನೇ ದಿನ

ನಕ್ಷತ್ರ ಬಿದ್ದ ರಿಪೋರ್ಟ್ ಹಿಡಿದು ಹೋದಾಗ ವೈದ್ಯರು ಮೊದಲು ಕೇಳುವುದು ಬಹುಶಃ ಇದನ್ನೇ: “ಹಿಂದಿನ ರಿಪೋರ್ಟ್‌ಗಳನ್ನು ತಂದಿದ್ದೀರಾ?” ಒಂದು ಅಂಕಿಗಿಂತ ಸಾಲಾಗಿ ನಿಂತ ಮೂರು ಅಂಕಿಗಳು ಹೆಚ್ಚು ಮಾತಾಡುತ್ತವೆ. ಎರಡು ವರ್ಷದಿಂದ ಮಿತಿಯ ಅಂಚಿನಲ್ಲೇ ಇದ್ದು ಈ ಸಲ ಕೂದಲೆಳೆಯಷ್ಟು ಮೇಲೆ ಹೋಗಿದ್ದರೆ ಒಂದು ಕಥೆ. ಪ್ರತಿ ಸಲವೂ ದುಪ್ಪಟ್ಟಾಗುತ್ತ ಬಂದಿದ್ದರೆ ಬೇರೆ ಕಥೆ.

ಆಮೇಲಿನ ಪ್ರಶ್ನೆಗಳು ಕ್ಯಾನ್ಸರಿಗೆ ಸಂಬಂಧವೇ ಇಲ್ಲದಂತೆ ಕೇಳಿಸಬಹುದು. ಹಿಂದಿನ ಸಲದ ಲ್ಯಾಬೇ ತಾನೆ? ಒಂದೊಂದು ಲ್ಯಾಬಿನ ಯಂತ್ರ, ಮಿತಿ ಬೇರೆ ಬೇರೆ. ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ದಿರಾ? ತಲೆಗೆ ಪೆಟ್ಟೇನಾದರೂ? ನೀವೂ ಒಂದು ಪ್ರಶ್ನೆ ಕೇಳಬಹುದು: “ಈ ಅಂಕಿ ಏರಿದರೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಡಾಕ್ಟ್ರೇ?” ಏನೂ ಬದಲಾಗುವುದಿಲ್ಲ ಎಂದರೆ ಆ ಪರೀಕ್ಷೆ ಯಾಕೆ ಬೇಕಿತ್ತು ಎಂದು ಇಬ್ಬರೂ ಯೋಚಿಸಬಹುದು.

ಆಮೇಲೆ ವೈದ್ಯರು ನಿಮ್ಮನ್ನು ಮಲಗಿಸಿ ಗಾಯದ ಗೆರೆಯ ಸುತ್ತ ಬೆರಳಾಡಿಸುತ್ತಾರೆ. ಕಂಕುಳು, ಕುತ್ತಿಗೆ, ತೊಡೆಸಂದು ಒತ್ತಿ ಗಂಟು ಇದೆಯೇ ಎಂದು ನೋಡುತ್ತಾರೆ. ಮೈಮೇಲಿನ ಉಳಿದ ಮಚ್ಚೆಗಳ ಮೇಲೆ ಭೂತಗನ್ನಡಿ ಹಿಡಿಯುತ್ತಾರೆ. ಕೊನೆಗೆ ಚೀಟಿಯಲ್ಲಿ ಬರೆಯುತ್ತಾರೆ: ಎಸ್‌100ಬಿ, ಅದೇ ಲ್ಯಾಬ್, ಎರಡು ವಾರ ಬಿಟ್ಟು ಇನ್ನೊಮ್ಮೆ. ಅದೂ ಏರಿದ್ದರೆ ಸ್ಕ್ಯಾನ್.